ಡೌನ್ ಸಿಂಡ್ರೋಮ್ ಇರುವ ಕೂಸಿನ ಪಾಲನೆ ಮತ್ತು ಕಲಿಕೆ

ಹುಟ್ಟಿದ ಕೂಸಿನ ಕಣ್ಣಿನ ಹೊರಮೂಲೆ ತುಸು ಮೇಲಕ್ಕಿರುತ್ತದೆ, ಮೂಗು ಚಪ್ಪಟೆಯಾಗಿರುತ್ತದೆ, ಮೈ ಬಿಗುವಿಲ್ಲದೆ ಮೆತ್ತಗಿರುತ್ತದೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಇದು ಡೌನ್ ಸಿಂಡ್ರೋಮ್ ಎಂದು ತಿಳಿಸುತ್ತಾರೆ. ಆ ದಿನದಿಂದ ಅನೇಕ ಮನೆಗಳಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಮೊದಲನೆಯದು, ಹೆತ್ತ ತಾಯಿಯನ್ನು ದೂರುವುದು. ಎರಡನೆಯದು, ಇನ್ನೇನೂ ಮಾಡಲಾಗದೆಂದು ಚಿಕಿತ್ಸೆಯನ್ನೂ ಕಲಿಕೆಯನ್ನೂ ಮುಂದೂಡುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸದ್ಭಕ್ತರ ಮನೆಗಳಲ್ಲಿ ಇವೆರಡೂ ನಡೆಯಬಾರದೆಂಬ ಉದ್ದೇಶದಿಂದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಯಾರ ದೋಷವೂ ಅಲ್ಲ

ಈ ಸ್ಥಿತಿಯನ್ನು 1866ರಲ್ಲಿ ಮೊದಲು ವಿವರವಾಗಿ ಬರೆದವರು ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್. ಇದರ ಕಾರಣವನ್ನು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಈ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಾಗಿರುವುದರಿಂದ ಒಟ್ಟು 47 ಆಗುತ್ತದೆ. ಗರ್ಭ ನಿಲ್ಲುವ ಹೊತ್ತಿಗೇ ಇದು ನಿಶ್ಚಯವಾಗಿರುತ್ತದೆ. ಗ್ರಹಣದ ನೆರಳು, ಬಸುರಿಯು ತಿಂದ ಆಹಾರ, ಮಾಡಿದ ಕೆಲಸ ಇವು ಯಾವುವೂ ಇದಕ್ಕೆ ಕಾರಣವಲ್ಲ. ತಾಯಿಯ ವಯಸ್ಸು 35 ದಾಟಿದ ಬಳಿಕ ಸಂಭವ ಹೆಚ್ಚುವುದು ನಿಜ. ಆದರೆ ಕಿರಿಯ ವಯಸ್ಸಿನ ತಾಯಂದಿರಿಗೂ ಇಂಥ ಕೂಸು ಹುಟ್ಟುತ್ತದೆ. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ವರ್ಣತಂತುವಿನ ತುಣುಕು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದು ತಂದೆಯಿಂದಲೂ ಬಂದಿರಬಹುದು, ತಾಯಿಯಿಂದಲೂ ಬಂದಿರಬಹುದು. ಆದ್ದರಿಂದ ಕೂಸಿನ ವರ್ಣತಂತು ಪರೀಕ್ಷೆಯ ವರದಿಯನ್ನು ಜೋಪಾನವಾಗಿಟ್ಟು, ಮುಂದಿನ ಮಗುವಿಗೆ ಮೊದಲು ವೈದ್ಯರಿಗೆ ತೋರಿಸಬೇಕು.

ತಡಮಾಡದೆ ಮಾಡಿಸಬೇಕಾದ ಪರೀಕ್ಷೆಗಳು

ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಹಾಲು ಕುಡಿಯುವಾಗ ಬೆವರುವುದು, ಏದುಸಿರು, ತೂಕ ಏರದಿರುವುದು ಇದರ ಕುರುಹುಗಳು. ಕೆಲವು ಕೂಸುಗಳಲ್ಲಿ ಯಾವ ಕುರುಹೂ ಕಾಣುವುದಿಲ್ಲ. ಆದಕಾರಣ ಕೂಸು ಚೆನ್ನಾಗಿಯೇ ಇದೆಯೆಂದು ತೋರಿದರೂ ಮೊದಲ ತಿಂಗಳಲ್ಲೇ ಹೃದಯದ ಎಕೋ ಪರೀಕ್ಷೆ ಆಗಲೇಬೇಕು. ಹೃದಯದಲ್ಲಿ ದೊಡ್ಡ ರಂಧ್ರವಿದ್ದರೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ನಡೆಯಬೇಕಾಗುತ್ತದೆ. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಶಾಶ್ವತವಾಗಿ ಕೆಟ್ಟು, ಶಸ್ತ್ರಚಿಕಿತ್ಸೆಯೇ ಸಾಧ್ಯವಾಗದ ಸ್ಥಿತಿ ಬರಬಹುದು. ಹರಕೆ ಹೊರುವುದು ಅವರವರ ನಂಬಿಕೆ. ಆದರೆ ಹರಕೆ ತೀರುವವರೆಗೆ ಪರೀಕ್ಷೆಯನ್ನು ಮುಂದೂಡಬಾರದು.

ಥೈರಾಯ್ಡ್ ಪರೀಕ್ಷೆಯನ್ನು ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿವರ್ಷ ಮಾಡಿಸಬೇಕು. ಕಿವಿ ಮತ್ತು ಕಣ್ಣಿನ ಪರೀಕ್ಷೆಗಳೂ ಅಷ್ಟೇ ಮುಖ್ಯ. ಕಿವಿ ಸರಿಯಾಗಿ ಕೇಳದ ಮಗು ಮಾತು ಕಲಿಯದಿದ್ದಾಗ ನಾವು ಅದನ್ನು ಬುದ್ಧಿಯ ಕೊರತೆಯೆಂದು ತಿಳಿದು ಸುಮ್ಮನಾಗುತ್ತೇವೆ.

ಖರ್ಚಿನ ಚಿಂತೆಯಿಂದ ಹಿಂಜರಿಯಬೇಕಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮ್ ಸೇರಿದೆ. ಅದರ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನವರಿಗೆ ಶಸ್ತ್ರಚಿಕಿತ್ಸೆಯೂ ಸೇರಿ ಉಚಿತ ನೆರವು ದೊರೆಯುತ್ತದೆ. ಆಶಾ ಕಾರ್ಯಕರ್ತೆಯನ್ನಾಗಲಿ ತಾಲ್ಲೂಕು ಆಸ್ಪತ್ರೆಯನ್ನಾಗಲಿ ಕೇಳಿದರೆ ಬೆಳಗಾವಿಗೆ ಕಳಿಸುವ ಏರ್ಪಾಡು ಮಾಡುತ್ತಾರೆ.

ಮನೆಯೇ ಮೊದಲ ಪಾಠಶಾಲೆ

ಮೈ ಮೆತ್ತಗಿರುವ ಕಾರಣ ಈ ಮಕ್ಕಳು ಕೂಡುವುದು, ನಡೆಯುವುದು ತಡ. ನಡಿಗೆ ಎರಡು ವರ್ಷದ ಹೊತ್ತಿಗೆ ಬರಬಹುದು, ಕೆಲವರಿಗೆ ಇನ್ನೂ ತಡವಾಗಬಹುದು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ದಿನಕ್ಕೆ ನಾಲ್ಕಾರು ಸಲ, ಸ್ವಲ್ಪ ಸ್ವಲ್ಪ ಹೊತ್ತು, ಆಟದಂತೆ ಮಾಡಿಸಬೇಕು. ಅಜ್ಜಿಯು ರೊಟ್ಟಿ ಬಡಿಯುವಾಗ ಒಂದು ಹಿಟ್ಟಿನ ಉಂಡೆಯನ್ನು ಕೂಸಿನ ಕೈಗೆ ಕೊಟ್ಟರೆ, ಅದನ್ನು ನಾದುತ್ತ ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಬಲಗೊಳ್ಳುತ್ತವೆ.

ಈ ಮಕ್ಕಳಿಗೆ ಆಡಲು ಬರುವ ಮಾತಿಗಿಂತ ಅರ್ಥವಾಗುವ ಮಾತು ಹೆಚ್ಚು. ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಇವರಿಗೆ ಸುಲಭ. ಗೋಕಾಕದ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಮಾಡುವ ಬಣ್ಣದ ಹಣ್ಣು, ಕಾಯಿಪಲ್ಲೆಗಳು ಇದಕ್ಕೆ ಬಹಳ ಉಪಯುಕ್ತ. ಬಾಳೆಹಣ್ಣನ್ನು ಕೈಗೆ ಕೊಟ್ಟು ಹೆಸರು ಹೇಳುವುದು, ಎರಡರಲ್ಲಿ ಅದನ್ನೇ ಆರಿಸಲು ಹೇಳುವುದು, ಆಮೇಲೆ ಅದರ ಹೆಸರು ಬರೆದ ಚೀಟಿಯನ್ನು ಜೊತೆಗಿಡುವುದು, ಹೀಗೆ ಒಂದೊಂದೇ ಹೆಜ್ಜೆ ಇಡಬೇಕು. ಮಾತಿನ ಜೊತೆ ಕೈಸನ್ನೆ ಮಾಡಿದರೆ ಮಾತು ನಿಂತುಹೋಗುತ್ತದೆಂಬ ಭಯ ಬೇಡ. ಸನ್ನೆಯು ಮಾತಿಗೆ ಮೆಟ್ಟಿಲಾಗುತ್ತದೆ.

ಶಾಲೆ ಈ ಮಕ್ಕಳ ಹಕ್ಕು

ಮೂರು ವರ್ಷವಾದೊಡನೆ ಕೂಸನ್ನು ಊರಿನ ಅಂಗನವಾಡಿಗೆ ಕಳಿಸಬೇಕು. ಈ ಮಕ್ಕಳು ಓರಗೆಯವರನ್ನು ನೋಡಿ ಅನುಕರಿಸುವುದರಲ್ಲಿ ಜಾಣರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ, ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಈ ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿರುವ ಸಂಪನ್ಮೂಲ ಶಿಕ್ಷಕರನ್ನು ಕಂಡು, ತರಗತಿಯಲ್ಲಿ ಬೇಕಾದ ನೆರವನ್ನು ಕೇಳಬೇಕು.

ಇದಕ್ಕೆಲ್ಲ ಯುಡಿಐಡಿ ಕಾರ್ಡ್ ಅವಶ್ಯ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಲು ನೆರವಾಗುತ್ತಾರೆ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ.

ನೆರೆಹೊರೆಯವರ ಹೊಣೆ

ಇಷ್ಟೆಲ್ಲವನ್ನು ತಾಯಿಯೊಬ್ಬಳೇ ಹೊರಲಾರಳು. ಆಕೆ ಆಸ್ಪತ್ರೆಗೆ ಹೋದ ದಿನ ಹಿರಿಯ ಮಕ್ಕಳಿಗೆ ಉಣಬಡಿಸುವುದು, ಬೆಳಗಾವಿಗೆ ಜೊತೆಯಾಗಿ ಹೋಗುವುದು, ಮದುವೆ ಜಾತ್ರೆಗಳಿಗೆ ಕೂಸನ್ನೂ ಕರೆಯುವುದು, ‘ಹುಚ್ಚ’ ಎಂಬ ಮಾತು ನಮ್ಮ ಮಕ್ಕಳ ಬಾಯಲ್ಲಿ ಬರದಂತೆ ತಿದ್ದುವುದು, ಇವೂ ದಾಸೋಹವೇ. ಮುಂದುವರಿದ ದೇಶಗಳಲ್ಲಿ 1980ರ ದಶಕದ ಆರಂಭಕ್ಕೆ ಸುಮಾರು 25 ವರ್ಷವಿದ್ದ ಇವರ ಸರಾಸರಿ ಆಯಸ್ಸು ಈಗ 60ರ ಹತ್ತಿರಕ್ಕೆ ಬಂದಿದೆ. ಹೃದಯದ ಚಿಕಿತ್ಸೆ ಮತ್ತು ಮನೆಯವರ ಆರೈಕೆ ಅದಕ್ಕೆ ಮುಖ್ಯ ಕಾರಣ. ಅಷ್ಟು ದೀರ್ಘ ಬಾಳಿನಲ್ಲಿ ತನಗೊಪ್ಪುವ ಕಾಯಕ ಮಾಡಿ ಬದುಕಲು ಬೇಕಾದ ತಳಪಾಯವನ್ನು ಮೊದಲ ಆರು ವರ್ಷಗಳಲ್ಲಿ ಹಾಕಬೇಕು. ನಿಮ್ಮ ಓಣಿಯಲ್ಲಿ ಇಂಥ ಕೂಸಿದ್ದರೆ, ಆ ಮನೆಗೆ ಹೋಗಿ ಎಕೋ ಪರೀಕ್ಷೆಯಾಗಿದೆಯೇ ಎಂದು ಈ ವಾರವೇ ವಿಚಾರಿಸಿರಿ.