ಹತ್ತಂಕದ ನಿರೀಕ್ಷೆ

ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಟ್ಟು, ಒಂದಕ್ಕೆ ಎರಡರಂತೆ ವಿನಿಮಯ ಮಾಡಿಕೊಂಡ ನೆನಪು ಓದುಗರಲ್ಲಿ ಅನೇಕರಿಗೆ ಉಂಟಷ್ಟೆ. ಅಮೆರಿಕದ ಹುಡುಗರಿಗೆ ಅಂಥ ಪ್ರೀತಿಯ ವಸ್ತುವೆಂದರೆ ಬೇಸ್‌ಬಾಲ್ ಆಟಗಾರರ ಚಿತ್ರವುಳ್ಳ ರಟ್ಟಿನ ಕಾರ್ಡು. ಮೊದಲು ಸಿಗರೇಟಿನ ಪೊಟ್ಟಣದಲ್ಲಿ, ಅನಂತರ ಚೂಯಿಂಗ್ ಗಮ್ಮಿನೊಡನೆ ಬರುತ್ತಿದ್ದ ಈ ಕಾರ್ಡುಗಳು ಕಾಲಕ್ರಮದಲ್ಲಿ ಹಿರಿಯರ ಕೈಸೇರಿ ಚಿನ್ನದಂತೆ ತೂಗತೊಡಗಿದವು. 1909ರಿಂದ 1911ರವರೆಗೆ ಹೊರಬಂದ ಸಿಗರೇಟಿನ ಮಾಲೆಯೊಂದರಲ್ಲಿದ್ದ ಹೋನಸ್ ವ್ಯಾಗ್ನರನ ಕಾರ್ಡೊಂದು 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು!

ಬೆಲೆ ಏರಿದಲ್ಲಿ ಮೋಸವೂ ಇಣುಕುತ್ತದೆ. ಆದುದರಿಂದ 1991ರಲ್ಲಿ ಪಿ.ಎಸ್.ಎ. ಎಂಬ ಸಂಸ್ಥೆ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿಕೊಂಡಿತು. ಕಾರ್ಡು ಅಸಲಿಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಚಿತ್ರ ನಡುಮಧ್ಯದಲ್ಲಿದೆಯೇ, ಮೈಮೇಲೆ ಗೀರುಂಟೇ ಎಂದು ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುವುದು, ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತಿ ಹಿಂದಿರುಗಿಸುವುದು ಅದರ ಕೆಲಸ. ಒಂಬತ್ತಕ್ಕೂ ಹತ್ತಕ್ಕೂ ಇರುವ ಅಂತರ ಮೂಲೆಯಲ್ಲಿನ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಯಾದೀತು. ಬೆಲೆಯಲ್ಲಿ ಮಾತ್ರ ಅದೇ ಹಲವು ಪಟ್ಟು. (ಸೋಜಿಗವೆಂದರೆ, ಈ ಸಂಸ್ಥೆ ಮೊಟ್ಟಮೊದಲು ಎಂಟಂಕ ಕೊಟ್ಟು ಮುದ್ರೆಯೊತ್ತಿದ್ದು ಮೇಲೆ ಹೇಳಿದ ವ್ಯಾಗ್ನರ್ ಕಾರ್ಡಿಗೇ. ಅದರ ಅಂಚನ್ನು ತಾನೇ ಕತ್ತರಿಸಿದ್ದೆನೆಂದು ಬಿಲ್ ಮ್ಯಾಸ್ಟ್ರೊ ಎಂಬ ಹರಾಜುದಾರ 2013ರಲ್ಲಿ ಒಪ್ಪಿಕೊಂಡ!)

2020ರಲ್ಲಿ ಕೋವಿಡ್ ರೋಗ ಜನರನ್ನು ಮನೆಯಲ್ಲಿ ಕೂಡಿಹಾಕಿತು. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳು ಕೆಳಗಿಳಿದವು. ಬ್ಯಾಸ್ಕೆಟ್‌ಬಾಲ್ ವೀರ ಮೈಕಲ್ ಜೋರ್ಡನ್ನನ ಕುರಿತ ಸಾಕ್ಷ್ಯಚಿತ್ರವೂ ಆ ವರುಷವೇ ಬಂದು ಆಸೆಗೆ ಗಾಳಿ ಹಾಕಿತು. ಆಟಗಾರರ ಕಾರ್ಡುಗಳ ಜೊತೆಗೆ ಪೊಕೆಮಾನ್ ಕಾರ್ಡುಗಳೂ ಅಂಕ ಬಯಸಿ ಹೊರಟವು. ಮೂರು ತಿಂಗಳಲ್ಲಿ ಬಂದುದಕ್ಕಿಂತ ಹೆಚ್ಚು ಕಾರ್ಡುಗಳು ಮೂರೇ ದಿನಗಳಲ್ಲಿ ಬಂದುವೆಂದು ಸಂಸ್ಥೆಯ ಅಧ್ಯಕ್ಷರು ತಿಳಿಸಿ, 2021ರ ಮಾರ್ಚ್ 30ರಂದು ಕಡಿಮೆ ದರದ ಸೇವೆಗಳ ಬಾಗಿಲನ್ನೇ ಮುಚ್ಚಿದರು. ಆಗಲೇ ಕಳುಹಿಸಿದ್ದವರಲ್ಲಿ ಹಲವರು ವರುಷಕ್ಕೂ ಮೀರಿ ಕಾದರು.

ಕಾರ್ಡನ್ನು ನೋಡಲು ಅಷ್ಟು ಹೊತ್ತು ಬೇಕೆ? ನೋಟಕ್ಕೆ ಹಿಡಿಯುವುದು ಅಲ್ಪಕಾಲವೇ. ಕಟ್ಟು ಬಿಚ್ಚಬೇಕು, ಪಟ್ಟಿಯೊಡನೆ ತಾಳೆ ನೋಡಬೇಕು, ಯಾವ ವರುಷದ ಯಾವ ಮಾಲೆಯದೆಂದು ಗುರುತಿಸಬೇಕು, ಚೀಟಿ ಅಚ್ಚು ಮಾಡಬೇಕು, ಕವಚ ಬೆಸೆಯಬೇಕು, ಮತ್ತೊಮ್ಮೆ ಪರಿಶೀಲಿಸಿ ಅಂಚೆಗೆ ಕೊಡಬೇಕು. ಇದರ ನಡುವಣ ಪರೀಕ್ಷಕನ ಕಣ್ಣನ್ನು ಒಂದು ವಾರದಲ್ಲಿ ತಯಾರು ಮಾಡಲಾದೀತೆ? ಉತ್ತರಪತ್ರಿಕೆಗಳ ರಾಶಿ ಕಂಡವರಿಗೆ ಈ ಸಂಕಟ ತಿಳಿದೀತು.

ಆದರೆ ಪರೀಕ್ಷೆಯ ಫಲಿತಾಂಶ ತಡವಾದರೆ ಅಂಕ ಬಾಡುವುದಿಲ್ಲ. ಕಾರ್ಡಿನ ಬೆಲೆ ಬಾಡುತ್ತದೆ. 2021ರ ಜನವರಿಯಲ್ಲಿ ಹತ್ತಂಕ ಪಡೆದ ಜೋರ್ಡನ್ನನ 1986ರ ಕಾರ್ಡು 7,38,000 ಡಾಲರಿಗೆ ಹೋಯಿತು. ಕೆಲವೇ ತಿಂಗಳಲ್ಲಿ ಅಂಥದೇ ಕಾರ್ಡು ಅದರ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಕುಸಿಯಿತು. ಸಂತೆಯ ಭರಾಟೆಯಲ್ಲಿ ಸಾಲ ಮಾಡಿ ಕೊಂಡು ಕಳುಹಿಸಿದವನ ಪಾಡೇನು? ಮಾರೋಣವೆಂದರೆ ಸರಕು ಕೈಯಲ್ಲಿಲ್ಲ. ಕಳುಹಿಸುವಾಗ ತಾನೇ ಘೋಷಿಸಿದ ಏರುಬೆಲೆಗೆ ತಕ್ಕ ಶುಲ್ಕವನ್ನು ಮಾತ್ರ ತೆರಲೇಬೇಕು.

ಸಂಸ್ಥೆ ಹೊಸಬರನ್ನು ನೇಮಿಸಿಕೊಂಡಿತು. ಚಿತ್ರಗಳಿಂದಲೇ ಕಾರ್ಡನ್ನು ಗುರುತಿಸುವ ತಂತ್ರಜ್ಞಾನದ ಕಂಪನಿಯೊಂದನ್ನೂ ಕೊಂಡಿತು. ಮುಚ್ಚಿದ ಸೇವೆಗಳು ಹಂತಹಂತವಾಗಿ ತೆರೆದವು. ಅಷ್ಟರಲ್ಲಿ ತಾಳ್ಮೆಗೆಟ್ಟ ಕೆಲವರು ಬೆಕೆಟ್, ಎಸ್.ಜಿ.ಸಿ. ಮೊದಲಾದ ಬೇರೆ ಬಾಗಿಲುಗಳನ್ನು ತಟ್ಟಿದ್ದರು. ಇನ್ನು ಕೆಲವರದು ಬೇರೆಯೇ ಹುರುಪು. ಬಹುಕಾಲ ಕಾದು ಪಡೆದ ಒಂಬತ್ತಂಕ ಮನಸ್ಸಿಗೆ ಬಾರದೆ, ಕವಚವನ್ನು ಒಡೆದು ಕಾರ್ಡನ್ನು ಹೊರತೆಗೆದು, ಈ ಬಾರಿ ಪರೀಕ್ಷಕನ ಕಣ್ಣು ಉದಾರವಾದೀತೆಂದು ಅದೇ ಸಾಲಿನ ತುದಿಯಲ್ಲಿ ಅವರು ಮತ್ತೆ ನಿಂತರು.