ಚಳಿಗಾಲದ ಓಟ: ತಪ್ಪು ಕಲ್ಪನೆ ಮತ್ತು ಸತ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಓಟವನ್ನು ಹೊಸದಾಗಿ ರೂಢಿಸಿಕೊಳ್ಳುವವರು, ಅದರಲ್ಲೂ 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕಾದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ಸಿದ್ಧರಾಗುವ ಯುವಕರು, ಡಿಸೆಂಬರ್ ಕಾಲಿಟ್ಟೊಡನೆ ಅಭ್ಯಾಸ ತಪ್ಪಿಸಿಕೊಂಡರೆ ದೂರು ಹೋಗುವುದು ಚಳಿಯ ಮೇಲೆ. ಆದರೆ ವಿಜಯನಗರ ಜಿಲ್ಲೆಯ ಈ ಬಯಲುಸೀಮೆಯಲ್ಲಿ ನಸುಕಿನ ಉಷ್ಣತೆ ಸಾಮಾನ್ಯವಾಗಿ 14ರಿಂದ 17 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಓಡುವಾಗ ದೇಹ ವ್ಯಯಿಸುವ ಶಕ್ತಿಯ ಬಹುಪಾಲು ಶಾಖವಾಗಿ ಮಾರ್ಪಡುವುದರಿಂದ, ಆ ಶಾಖವನ್ನು ಸುಲಭವಾಗಿ ಹೀರಿಕೊಳ್ಳುವ ಇಂಥ ತಂಪು ಹವೆ ಓಟಗಾರನಿಗೆ ಅನುಕೂಲವೇ ಹೊರತು ಅಡ್ಡಿಯಲ್ಲ. ನಿಜವಾಗಿ ಹೃದಯಕ್ಕೆ ದುಪ್ಪಟ್ಟು ದುಡಿಮೆ ಹೊರಿಸುವುದು, ರಕ್ತವನ್ನು ಸ್ನಾಯುಗಳ ಜೊತೆಗೆ ಚರ್ಮಕ್ಕೂ ಹರಿಸಲೇಬೇಕಾದ ಏಪ್ರಿಲ್ ತಿಂಗಳ ಬಿಸಿಲು.

ಅಡ್ಡಿಯಾಗುವುದು ಕತ್ತಲೆ. ಡಿಸೆಂಬರ್ 22ರ ಹೊತ್ತಿಗೆ ಹಗಲು ಹಿಗ್ಗತೊಡಗುತ್ತದೆ, ಹಾಗಾಗಿ ಅಲ್ಲಿಂದ ಮುಂದೆ ಬೇಗ ಬೆಳಕು ಹರಿಯುತ್ತದೆ ಎಂಬ ಎಣಿಕೆ ಅರ್ಧ ಮಾತ್ರ ಸರಿ. ಭೂಮಿಯ ಅಕ್ಷ ವಾಲಿರುವುದರಿಂದಲೂ ಅದರ ಪಥ ದೀರ್ಘವೃತ್ತವಾಗಿರುವುದರಿಂದಲೂ ಆ ದಿನಗಳಲ್ಲಿ ಸೂರ್ಯ ನೆತ್ತಿಗೇರುವ ಹೊತ್ತೇ ದಿನದಿಂದ ದಿನಕ್ಕೆ ತಡವಾಗುತ್ತದೆ; ಪರಿಣಾಮವಾಗಿ ಹೆಚ್ಚಿದ ಹಗಲೆಲ್ಲ ಸಂಜೆಗೆ ಸೇರಿ, ಸೂರ್ಯೋದಯ ಸಂಕ್ರಾಂತಿ ಕಳೆದ ಮೇಲೂ ಕೆಲವು ದಿನ ತಡವಾಗುತ್ತಲೇ ಇರುತ್ತದೆ. ಜೂನ್ ಆರಂಭದಲ್ಲಿ 5.50ರ ಸುಮಾರಿಗೆ ಮೂಡುವ ಸೂರ್ಯ ಜನವರಿಯಲ್ಲಿ 6.50ರ ಸುಮಾರಿಗೆ ಮೂಡುತ್ತಾನೆ. ಬೇಸಿಗೆಯ ಮಬ್ಬು ಬೆಳಕಿನಲ್ಲಿ ಐದೂವರೆಗೆ ಓಡುತ್ತಿದ್ದವನು ಅದೇ ಗಡಿಯಾರವನ್ನು ನಂಬಿದರೆ ಜನವರಿಯಲ್ಲಿ ಕಗ್ಗತ್ತಲಲ್ಲಿ ಓಡಬೇಕಾಗುತ್ತದೆ. ಕೂಡ್ಲಿಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಅಂಚಿನಲ್ಲಾಗಲಿ, ಗುಡೇಕೋಟೆ ಕರಡಿಧಾಮದ ಸುತ್ತಲಿನ ಹಾದಿಗಳಲ್ಲಾಗಲಿ ಅದು ಧೈರ್ಯದ ಲಕ್ಷಣವಲ್ಲ. ಓಟವನ್ನು ಏಳು ಗಂಟೆಗೋ ಸಂಜೆ ಐದಕ್ಕೋ ಸರಿಸುವುದು ಲೇಸು. ಸಂಜೆಯ ಓಟಕ್ಕೆ ಇನ್ನೊಂದು ಲಾಭವೂ ಇದೆ: ಗಾಳಿಯಿಲ್ಲದ ಚಳಿಗಾಲದ ರಾತ್ರಿ ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕುಳಿತು, ಅಂದರೆ ತಾಪ ವಿಲೋಮ ಉಂಟಾಗಿ, ಒಲೆ ಮತ್ತು ಕಸದ ಹೊಗೆ ಊರ ಮೇಲೆಯೇ ತಂಗಿರುತ್ತದೆ, ಬಿಸಿಲೇರಿದಂತೆ ಆ ಪದರ ಒಡೆಯುತ್ತದೆ.

ಎರಡು ವಾರ ಓಟ ತಪ್ಪಿದರೆ ಗಳಿಸಿದ್ದೆಲ್ಲ ಹೋಯಿತೆಂಬ ಹತಾಶೆ ಇನ್ನೂ ಹೆಚ್ಚು ಹಾನಿಕರ, ಏಕೆಂದರೆ ಎರಡು ವಾರದ ಬಿಡುವನ್ನು ಎರಡು ತಿಂಗಳಾಗಿಸುವುದು ಅದೇ. ದೇಹ ನಿಮಿಷವೊಂದಕ್ಕೆ ಬಳಸಬಲ್ಲ ಆಮ್ಲಜನಕದ ಮೇಲ್ಮಿತಿಯನ್ನು ಗರಿಷ್ಠ ಆಮ್ಲಜನಕ ಬಳಕೆ ಎನ್ನುತ್ತಾರೆ. ನುರಿತ ಕ್ರೀಡಾಪಟುಗಳು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದಾಗ ಈ ಅಳತೆ ಮೊದಲ ಮೂರು ವಾರಗಳಲ್ಲಿ ಸುಮಾರು ಶೇ 7ರಷ್ಟು ಕುಸಿಯಿತೆಂದು 1984ರಲ್ಲಿ ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು ತೋರಿಸಿದರು. ಕುಸಿತ ನಿಜ, ಸರ್ವನಾಶವಲ್ಲ. ಹೊಸಬರಿಗೆ ಇದಕ್ಕಿಂತ ಉಪಯುಕ್ತವಾದದ್ದು ರಾಬರ್ಟ್ ಹಿಕ್ಸನ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಮಾಲೆ. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಹತ್ತು ವಾರ ತರಬೇತಿ ಪಡೆದವರು ಬಳಿಕ ವಾರಕ್ಕೆ ಎರಡೇ ದಿನ ಅಭ್ಯಾಸ ಮಾಡಿದರೂ, ಅಥವಾ ದಿನಗಳನ್ನು ಹಾಗೆಯೇ ಉಳಿಸಿಕೊಂಡು ಅವಧಿಯನ್ನು 13 ನಿಮಿಷಕ್ಕೆ ಇಳಿಸಿದರೂ, ಗಳಿಸಿದ ಸಾಮರ್ಥ್ಯ 15 ವಾರ ಹೆಚ್ಚುಕಡಿಮೆ ಉಳಿಯಿತು. ಆದರೆ ಅಭ್ಯಾಸದ ಬಿರುಸನ್ನು ತಗ್ಗಿಸಿದಾಗ ಉಳಿಯಲಿಲ್ಲ. ಸುಗ್ಗಿಯ ಕೆಲಸ ಮೈಮೇಲೆ ಬಿದ್ದ ವಾರಗಳಲ್ಲಿ ವಾರಕ್ಕೆರಡು ಸಲ ಏದುಸಿರು ಬರುವಷ್ಟು ಓಡುವುದು ದಿನವೂ ಕಾಲೆಳೆಯುವುದಕ್ಕಿಂತ ಲೇಸೆಂಬುದು ಇದರ ತಾತ್ಪರ್ಯ.

ಹೊಲದ ದುಡಿಮೆಯೇ ಸಾಕೆಂಬ ವಾದವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಬಗ್ಗಿ ಕೊಯ್ಯುವ, ಮೂಟೆ ಹೊರುವ ಕೆಲಸ ಬಲವನ್ನೂ ತಾಳಿಕೆಯನ್ನೂ ಕೊಡುತ್ತದೆಯಾದರೂ ಹೃದಯದ ಬಡಿತವನ್ನು ಓಟದಷ್ಟು ಏರಿಸಿ ಅಷ್ಟು ಹೊತ್ತು ಹಿಡಿದಿಡುವುದು ಅಪರೂಪ. ಹೊರಗೆ ಹೋಗಲಾಗದ ದಿನಕ್ಕೆ ಗರಡಿಮನೆಯ ಬಸ್ಕಿ, ದಂಡಗಳನ್ನು ನಡುವೆ ಕಡಿಮೆ ಬಿಡುವು ಕೊಟ್ಟು ಹೊಡೆಯುವುದೇ ಹತ್ತಿರದ ಬದಲಿ.

ಸ್ವೆಟರಿನ ಮೇಲೆ ಸ್ವೆಟರ್ ತೊಟ್ಟು ಓಡಿದರೆ ಕೊಬ್ಬು ಕರಗುತ್ತದೆಂಬುದಕ್ಕೆ ಆಧಾರವಿಲ್ಲ. ಇಳಿಯುವುದು ನೀರಿನ ತೂಕ, ಎರಡು ಚೆಂಬು ನೀರಿಗೆ ಅದು ಮರಳುತ್ತದೆ.

ತಣ್ಣನೆಯ ಗಾಳಿ ಎದೆಗೆ ಇಳಿದು ನೆಗಡಿ, ಕಫ ತರುತ್ತದೆಂಬ ಹೆದರಿಕೆ ಎಲ್ಲಕ್ಕಿಂತ ಹಳೆಯದು. ನೆಗಡಿ ವೈರಸ್‌ಗಳಿಂದ ಬರುತ್ತದೆ, ಮತ್ತು ಮೂಗು ಹಾಗೂ ಶ್ವಾಸನಾಳಗಳು ಒಳಬರುವ ಗಾಳಿಯನ್ನು ಶ್ವಾಸಕೋಶದ ಆಳ ತಲುಪುವ ಮುನ್ನವೇ ಬೆಚ್ಚಗಾಗಿಸಿ ತೇವಗೊಳಿಸುತ್ತವೆ. ಮಾಘದ ಚಳಿಯಲ್ಲಿ ದಾವಣಗೆರೆ ಕಡೆಯಿಂದ ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವ ಪಾದಯಾತ್ರಿಗಳನ್ನು ಯಾರೂ ಎದೆಗೆ ಗಾಳಿ ಹೊಕ್ಕೀತೆಂದು ತಡೆಯುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಈ ಹೆದರಿಕೆಗೆ ನಿಜವಾದ ಆಧಾರವಿರುವುದು ಅಸ್ತಮಾ ಇರುವವರ ವಿಷಯದಲ್ಲಿ: ರಭಸದ ಉಸಿರಾಟದಲ್ಲಿ ಒಣ ಗಾಳಿ ಅವರ ಶ್ವಾಸನಾಳಗಳ ತೇವವನ್ನು ಹೀರಿ ನಾಳಗಳನ್ನು ಬಿಗಿಯಾಗಿಸಬಲ್ಲದು. ಅಂಥವರು ಹತ್ತು ನಿಮಿಷ ಬಿರುಸಾಗಿ ನಡೆದು, ಮೂಗು ಬಾಯಿಗೆ ತೆಳುವಾದ ವಸ್ತ್ರ ಸುತ್ತಿಕೊಂಡು, ವೈದ್ಯರು ಸೂಚಿಸಿದ ಇನ್‌ಹೇಲರ್ ಜೇಬಿನಲ್ಲಿಟ್ಟುಕೊಂಡೇ ಓಟಕ್ಕಿಳಿಯಬೇಕು.