ಕಲ್ಯಾಣದ ಕಡೆಯ ಜಲಪಾತಗಳು

ಜಲಪಾತವನ್ನು ನೋಡಬೇಕೆಂದರೆ ನಮ್ಮ ಮನಸ್ಸು ಒಡನೆಯೇ ಪಡುವಣ ಕರಾವಳಿಯ ಕಡೆಗೆ ಓಡುತ್ತದೆ. ಕಾರವಾರ, ಹೊನ್ನಾವರ, ಮಂಗಳೂರುಗಳಿಂದ ಘಟ್ಟವನ್ನೇರುವವರಿಗೆ ಮಳೆಗಾಲದಲ್ಲಿ ತಿರುವುತಿರುವಿಗೂ ಧುಮುಕುವ ನೀರು ಕಾಣುವುದುಂಟು. 830 ಅಡಿ ಕೆಳಕ್ಕೆ ಬೀಳುವ ಜೋಗವಂತೂ ಜಗತ್ಪ್ರಸಿದ್ಧವಾದುದು. ಆದರೆ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದುಗಳಲ್ಲಿ ನಿಂತು ಯಾರಾದರೂ ಜಲಪಾತದ ಮಾತೆತ್ತಿದರೆ ಕೇಳಿದವರು ನಕ್ಕಾರು. ಅಲ್ಲಿ ಕಡಲಿಲ್ಲ, ಘಟ್ಟವಿಲ್ಲ. ಹೀಗಿದ್ದರೂ ಆ ಊರುಗಳಿಂದ ಒಂದೇ ಹಗಲಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ ನೋಡತಕ್ಕ ಜಲಪಾತಗಳುಂಟು. ಅವು ಹೇಗೆ ಉಂಟಾದುವು, ಅವುಗಳನ್ನು ಯಾವಾಗ ನೋಡಬೇಕು, ಏನನ್ನು ತಿಳಿದು ನೋಡಬೇಕು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಈ ಎರಡೂ ಊರುಗಳು ಸಮುದ್ರಮಟ್ಟಕ್ಕೆ ಸುಮಾರು 2,000 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಶಿಲಾರಸವು ಪದರಪದರವಾಗಿ ಹರಡಿ ಆರಿದುದರಿಂದ ದಖ್ಖನಿನ ಕರಿಗಲ್ಲು ಉಂಟಾಯಿತು. ಆ ಪದರಗಳಲ್ಲಿ ಕೆಲವು ಗಟ್ಟಿ, ಕೆಲವು ಮೆದು. ಮೆದುವಾದ ಪದರವನ್ನು ನೀರು ಬೇಗ ಕೊರೆಯುತ್ತದೆ. ಮೇಲಿನ ಗಟ್ಟಿ ಪದರವು ಚಾಚಿಕೊಂಡು ಉಳಿದು, ಕೊನೆಗೆ ಆಧಾರವಿಲ್ಲದೆ ಮುರಿದು ಬೀಳುತ್ತದೆ. ಹೀಗೆ ಹಳ್ಳದ ದಾರಿಯಲ್ಲಿ ಮೆಟ್ಟಿಲುಗಳಾಗುತ್ತವೆ. ಈ ಸೀಮೆಯ ದಿಬ್ಬವು ಮಳೆಯ ನೀರನ್ನು ಎರಡು ಪಾಲು ಮಾಡುವುದೂ ಗಮನಾರ್ಹವಾದುದು: ಒಂದು ಪಾಲು ಕಾರಂಜಾ, ಮಾಂಜರಾ ನದಿಗಳ ಮೂಲಕ ಗೋದಾವರಿಯನ್ನು ಸೇರಿದರೆ, ಇನ್ನೊಂದು ಮುಲ್ಲಾಮಾರಿ ಹೊಳೆಯಾಗಿ ಚಿಂಚೋಳಿಯ ಕಡೆಗಿಳಿದು ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ.

ಹುಮನಾಬಾದಿನ ದಕ್ಷಿಣಕ್ಕಿರುವ ಚಿಂಚೋಳಿ ತಾಲ್ಲೂಕಿನ ಕಾಡು ಬಯಲುಸೀಮೆಯವರಿಗೆ ಒಂದು ಸೋಜಿಗ. 2011ರಲ್ಲಿ ಅದು ವನ್ಯಜೀವಿಧಾಮವಾಯಿತು. ಆ ತಾಲ್ಲೂಕಿನ ಎತ್ತಿಪೋತ ಜಲಪಾತವು ಪ್ರಕೃತಿಯೇ ರಚಿಸಿದುದು. ಹೆಸರಿನಲ್ಲಿ ಗಡಿಯಾಚೆಯ ತೆಲುಗು ಕೇಳಿಸುತ್ತದೆ. ಎತ್ತಿ ಹೊಯ್ದಂತೆ ಬೀಳುವ ನೀರು ಎಂದು ಅದರ ಭಾವ.

ಇನ್ನೊಂದು ಜಲಪಾತವನ್ನು ಮನುಷ್ಯನು ಮಾಡಿದನು. ಹುಮನಾಬಾದಿನಿಂದ ಸೊಲ್ಲಾಪುರದ ಹೆದ್ದಾರಿಯನ್ನು ಹಿಡಿದು, ಬಸವಕಲ್ಯಾಣದ ದಾರಿ ಅಗಲುವ ಕೂಟವನ್ನೂ ಉಮರಗಾ ಊರನ್ನೂ ದಾಟಿ ಮುಂದೆ ಹೋದರೆ, ನೂರು ಕಿಲೋಮೀಟರಿನೊಳಗೆ ನಳದುರ್ಗವು ಸಿಕ್ಕುತ್ತದೆ. 1956ಕ್ಕೆ ಮುಂಚೆ ಈ ಊರುಗಳೆಲ್ಲವೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು; ನಳದುರ್ಗವು ಈಗ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಗೆ ಸೇರಿದೆ. ಸುರಪುರದ ಸಂಸ್ಥಾನದಲ್ಲಿ ಹಿಂದೆ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು 1853ರಲ್ಲಿ ಜಿಲ್ಲೆಯ ಆಡಳಿತವನ್ನು ವಹಿಸಿಕೊಂಡು ಬಂದು ನೆಲಸಿದುದೂ ಇಲ್ಲಿಯೇ. ಇಲ್ಲಿನ ಕೋಟೆಯ ಮಗ್ಗುಲಲ್ಲಿ ಬೋರಿ ಎಂಬ ಹೊಳೆಯು ಹರಿಯುತ್ತದೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, ಕ್ರಿ. ಶ. 1613ರ ಸುಮಾರಿಗೆ, ಆ ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆಯೊಂದನ್ನು ಕಟ್ಟಿ, ಕೋಟೆಯನ್ನು ಎದುರುದಿಬ್ಬದ ರಣಮಂಡಲಕ್ಕೆ ಜೋಡಿಸಿದರು. ಕೋಟೆಗೆ ನೀರಾಯಿತು, ದಾಟಲು ದಾರಿಯೂ ಆಯಿತು. ಆ ಕಟ್ಟೆಯ ಹೊಟ್ಟೆಯಲ್ಲಿಯೇ ಕೊಠಡಿಗಳನ್ನು ನಿರ್ಮಿಸಿದರು. ಅದಕ್ಕೆ ಪಾಣಿಮಹಲ್ ಎಂದು ಹೆಸರು. ಕೆರೆಯು ತುಂಬಿದಾಗ ಹೆಚ್ಚಿನ ನೀರು ಎರಡು ಧಾರೆಗಳಾಗಿ ಕೆಳಕ್ಕೆ ಧುಮುಕುತ್ತದೆ. ಜನರು ಇವನ್ನು ನರ, ಮಾದಿ, ಅಂದರೆ ಗಂಡು ಧಾರೆ, ಹೆಣ್ಣು ಧಾರೆ ಎಂದು ಕರೆಯುತ್ತಾರೆ. ಒಳಗಿನ ಕೊಠಡಿಯ ಕಿಟಕಿಯಲ್ಲಿ ನಿಂತವನಿಗೆ ಎದುರಿಗೇ ನೀರು ಬೀಳುತ್ತಿದ್ದರೂ ಮೈ ನೆನೆಯುವುದಿಲ್ಲ. ಕಟ್ಟೆಯ ಭದ್ರತೆಗಾಗಿ ನೀರಿಗೆ ದಾರಿ ಬಿಡಲೇಬೇಕಾಗಿತ್ತು. ಆ ಅವಶ್ಯಕತೆಯನ್ನೇ ಶಿಲ್ಪಿಯು ಶೋಭೆಯನ್ನಾಗಿ ಮಾಡಿದನು.

ಆದರೆ ಈ ನೋಟವು ಎಲ್ಲ ಕಾಲದಲ್ಲಿಯೂ ದೊರೆಯತಕ್ಕದ್ದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಬೀದರ ಜಿಲ್ಲೆಯ ಸರಾಸರಿ ಸುಮಾರು 850. ಬೇಸಗೆಯಲ್ಲಿ ಬಿರುಕುಬಿಟ್ಟ ಎರೆಯ ಭೂಮಿಯು ಮುಂಗಾರಿನ ಮೊದಲ ನೀರನ್ನು ತಾನೇ ಕುಡಿದುಬಿಡುತ್ತದೆ. ಆಮೇಲೆ ಹಳ್ಳಗಳು ಹರಿಯಬೇಕು. ಹಳ್ಳಗಳಿಂದ ಕೆರೆಗಳು ತುಂಬಬೇಕು. ನಳದುರ್ಗದ ಮೇಲ್ಗಡೆ ಇದೇ ಬೋರಿಗೆ ಈಚಿನ ಕಾಲದಲ್ಲಿ ಕಟ್ಟಿದ ನೀರಾವರಿಯ ಜಲಾಶಯವಿದೆ. ಅದು ತುಂಬಿ ಚೆಲ್ಲಿದ ಬಳಿಕವೇ ಕೋಟೆಯ ಕಟ್ಟೆಯ ಸರದಿ. ಆದುದರಿಂದ ಯಾತ್ರಿಕನು ಜೂನ್ ತಿಂಗಳಿನಲ್ಲಿಯೇ ಆತುರಪಡದೆ, ಹುಬ್ಬಾ, ಉತ್ತರಾ ಮಳೆಗಳು ಬಿದ್ದ ಸುದ್ದಿಯನ್ನು ಕೇಳಿ ಹೊರಡುವುದು ಲೇಸು.

ಇದರಿಂದ ಒಂದು ವಿಚಾರವು ಸ್ಪಷ್ಟವಾಗುತ್ತದೆ. ಈ ಸೀಮೆಯಲ್ಲಿ ಜಲಪಾತವೆಂದರೆ ಉಳಿತಾಯದ ಲೆಕ್ಕ. ನೆಲಕ್ಕೆ ಸಾಕಾಗಿ, ಬಾವಿಗೆ ಸಾಕಾಗಿ, ಜಲಾಶಯಕ್ಕೆ ಸಾಕಾಗಿ, ಬಳಿಕ ಮಿಕ್ಕ ನೀರು ಮಾತ್ರ ನಮ್ಮ ಕಣ್ಣಿಗೆ ಹಬ್ಬವಾಗುತ್ತದೆ. ಜೋಗದಲ್ಲಿ ಇದು ತಿರುವುಮುರುವು: 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದ ಮೇಲೆ ಶರಾವತಿಯ ನೀರು ವಿದ್ಯುತ್ತಿಗಾಗಿ ತಡೆಯಲ್ಪಟ್ಟು, ಜಲಪಾತವು ಬಡವಾಯಿತು. ಅಲ್ಲಿ ಕಟ್ಟೆಯು ಧಾರೆಯನ್ನು ಕುಗ್ಗಿಸಿತು. ಇಲ್ಲಿ ಕಟ್ಟೆಯೇ ಧಾರೆಯನ್ನು ಹುಟ್ಟಿಸಿತು. ನಳದುರ್ಗದ ಧಾರೆಗಳು ಬೀಳದ ವರ್ಷದಲ್ಲಿ ನಮಗೆ ಒಂದು ದಿನದ ಪ್ರವಾಸವು ವ್ಯರ್ಥವಾದೀತು. ರೈತನಿಗೆ ತೊಗರಿ, ಜೋಳಗಳ ಬೆಳೆಯೇ ಹೋದೀತು. 2016ರ ಬೇಸಗೆಯಲ್ಲಿ ಮಾಂಜರೆಯ ಜಲಾಶಯವು ಬತ್ತಿ, ನೆರೆಯ ಲಾತೂರಿಗೆ ದೂರದ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ತರಬೇಕಾಯಿತೆಂಬುದನ್ನು ನಾವು ಮರೆಯಲಾಗದು.

ನೋಡಹೋಗುವವರಿಗೆ ಎರಡು ಮಾತು. ಪಾಚಿ ಹಿಡಿದ ಕರಿಗಲ್ಲು ಬಹಳ ಜಾರುತ್ತದೆ. ಮೇಲ್ಗಡೆ ಮಳೆಯಾದರೆ, ಇಲ್ಲಿ ಬಿಸಿಲಿದ್ದರೂ ಹಳ್ಳವು ಗಳಿಗೆಯಲ್ಲಿ ಏರಬಹುದು. ಅಂಚಿನಿಂದ ದೂರ ನಿಲ್ಲುವುದೇ ವಿವೇಕ. ಧಾರೆಗಳನ್ನು ಕಂಡು ಹಿಂದಿರುಗುವಾಗ ದಾರಿಯ ಎರಡೂ ಬದಿಯ ಹೊಲಗಳನ್ನು ನೋಡುವುದನ್ನು ಮರೆಯಬಾರದು. ಕಟ್ಟೆಯ ಮೇಲೆ ನೀರು ಚೆಲ್ಲಿದ ವರ್ಷ ಅಲ್ಲಿ ತೊಗರಿಯು ಎದೆಯೆತ್ತರಕ್ಕೆ ನಿಂತಿರುತ್ತದೆ. ಅದನ್ನೂ ಕಂಡವನಿಗೆ ಮಾತ್ರ ಜಲಪಾತದ ದರ್ಶನವು ಪೂರ್ಣವಾಯಿತು.